ಸಾಮಾನು ಹೊರುವ ಹಡಗು ಸಮರಕ್ಕೆ ನಡೆದ ಕಥೆ

ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಬಂದ ನಮ್ಮ ಹಿರಿಯರಲ್ಲಿ ಅನೇಕರು ಮುಂಬಯಿಯನ್ನು ಮೊದಲು ಕಂಡದ್ದು ರೈಲಿನ ಕಿಟಕಿಯಿಂದಲ್ಲ, ಆಗಬೋಟಿನ ಡೆಕ್ಕಿನ ಮೇಲಿನಿಂದ. ಅಕ್ಕಿಯ ಮೂಟೆ, ತೆಂಗಿನಕಾಯಿಯ ಗೋಣಿ, ಅಳುವ ಮಕ್ಕಳು, ಕೊಳವೆಯಿಂದ ಹಾರಿ ಬಿಳಿಯ ಅಂಗಿಯ ಮೇಲೆ ಬೀಳುವ ಕಲ್ಲಿದ್ದಲಿನ ಕಿಡಿ, ಇವುಗಳ ನಡುವೆ ಚಾಪೆ ಹಾಸಿ ಮಲಗಿ ಬಂದವರು ಅವರು. ಆ ಹಡಗುಗಳು ಈಗ ಇಲ್ಲ. ಆದರೆ ಅಂಥ ಹಡಗೊಂದನ್ನು ಕಣ್ಣಮುಂದೆ ತಂದುಕೊಳ್ಳುವುದು ನಮ್ಮವರಿಗೆ ಕಷ್ಟವಲ್ಲ. ಒಂದು ದಿನ ಸರಕಾರವು ಅದನ್ನು ಕೊಂಡುಕೊಂಡು, ಪ್ರಯಾಣಿಕರ ಕೋಣೆಗಳನ್ನು ಕಿತ್ತೆಸೆದು, ಮೂಟೆಗಳಿದ್ದೆಡೆಯಲ್ಲಿ ಫಿರಂಗಿಗಳನ್ನು ನಿಲ್ಲಿಸಿ, 'ಹೋಗು, ಯುದ್ಧ ಮಾಡು' ಎಂದು ಕಳುಹಿಸಿದರೆ ಹೇಗಿದ್ದೀತು? 1861ರ ಬೇಸಿಗೆಯಲ್ಲಿ ಅಮೆರಿಕಾದ ಒಹಾಯೊ ನದಿಯ ದಂಡೆಯ ಮೇಲಿರುವ ಸಿನ್ಸಿನಾಟಿ ನಗರದಲ್ಲಿ ನಡೆದದ್ದು ಇದೇ. ಆ ಹಡಗಿನ ಹೆಸರು ಎ. ಒ. ಟೈಲರ್.

ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೆರಿಕಾದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧವು ಹೊತ್ತಿಕೊಂಡಿತ್ತು. ಲಿಂಕನ್ನನು ಅಧ್ಯಕ್ಷನಾಗಿ ಆರಿಸಿ ಬಂದುದೇ ತಡ, ನೀಗ್ರೋ ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟವನ್ನು ತೊರೆದು ತಮ್ಮದೇ ಪ್ರಭುತ್ವವನ್ನು ಕಟ್ಟಿಕೊಂಡವು. ಉತ್ತರದ ಸೇನೆಯು ದಕ್ಷಿಣದ ಒಡಲೊಳಕ್ಕೆ ನುಗ್ಗಬೇಕಾದರೆ ದಾರಿ ಯಾವುದು? ಪಶ್ಚಿಮ ಭಾಗದಲ್ಲಿ ಒಳ್ಳೆಯ ರಸ್ತೆಗಳಿರಲಿಲ್ಲ, ರೈಲುಹಾದಿಗಳು ಕೆಲವೇ. ನದಿಗಳೇ ರಾಜಮಾರ್ಗಗಳು. ಮಿಸಿಸಿಪ್ಪಿಯು ದಕ್ಷಿಣದ ನಡುವನ್ನು ಸೀಳಿಕೊಂಡು ಸಮುದ್ರಕ್ಕೆ ಹೋಗುತ್ತದೆ. ಟೆನೆಸಿ ನದಿಯು ಅಲಬಾಮಾದವರೆಗೆ ಬಾಗಿಲು ತೆರೆದುಕೊಂಡಿದೆ. ಆದರೆ ಸಾಗರದ ಯುದ್ಧನೌಕೆಗಳ ತಳ ಆಳವಾದದ್ದು. ಮರಳದಿಣ್ಣೆಗಳ ನದಿಯೊಳಗೆ ಅವುಗಳ ಆಟ ಬಹುದೂರ ಸಾಗದು. ನದಿಯಲ್ಲಿ ಹುಟ್ಟಿ ನದಿಯಲ್ಲಿ ಬೆಳೆದ ಹಡಗೇ ಬೇಕಾಗಿತ್ತು.

ಈ ನದಿಗಳ ಮೇಲೆ ಅದುವರೆಗೆ ಇಳಿಯುತ್ತಿದ್ದ ಮುಖ್ಯ ಸರಕು ಹತ್ತಿ. ಗುಲಾಮರು ಬಿಡಿಸಿದ ಹತ್ತಿಯು ಬೇಲುಗಳಾಗಿ ನ್ಯೂ ಆರ್ಲಿಯನ್ಸಿಗೂ ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೂ ಹೋಗುತ್ತಿದ್ದಿತು. ಯುದ್ಧದಿಂದ ಆ ದಾರಿ ಮುಚ್ಚಿದಾಗ ಮ್ಯಾಂಚೆಸ್ಟರಿನವರ ಕಣ್ಣು ಹಿಂದೂಸ್ಥಾನದ ಕಡೆಗೆ ತಿರುಗಿತು. ಮುಂಬಯಿಯ ವರ್ತಕರ ಮೇಲೆ ಹಣದ ಮಳೆ ಸುರಿದದ್ದೂ, ಸಮುದ್ರವನ್ನು ತುಂಬುವ ಕಂಪನಿಗಳ ಷೇರುಗಳು ಆಕಾಶಕ್ಕೇರಿದ್ದೂ ಆಗಲೇ. ನ್ಯೂ ಆರ್ಲಿಯನ್ಸಿನ ಬೀಜವನ್ನು ತಂದು ನಮ್ಮ ಧಾರವಾಡದ ಕರಿಯ ಮಣ್ಣಿನಲ್ಲಿ ಬೆಳೆದ 'ಧಾರವಾಡ-ಅಮೆರಿಕನ್' ಹತ್ತಿಗೆ ಒಮ್ಮೆಲೇ ಬೆಲೆ ಬಂದಿತು. ಈ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಹವಣಿಕೆಯೂ, ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದಕ್ಕೆ ಒಂದು ಕಾರಣವಾಗಿತ್ತು. ಎಲ್ಲಿಯ ಮಿಸಿಸಿಪ್ಪಿ, ಎಲ್ಲಿಯ ಕಾರವಾರ! ಆ ದೂರದ ನದಿಯಲ್ಲಿ ತೋಪು ಹಾರಿದ ಸದ್ದು ನಮ್ಮ ಮನೆಯ ಅಂಗಳಕ್ಕೂ ತಲಪಿತ್ತೆಂದು ಹೇಳುವುದು ಉತ್ಪ್ರೇಕ್ಷೆಯಾಗಲಾರದು.

ಇರಲಿ, ಹಡಗಿನ ಕಥೆಗೆ ಬರೋಣ. ಟೈಲರನ್ನು ಕಟ್ಟಿದ್ದು 1857ರಲ್ಲಿ, ಸಿನ್ಸಿನಾಟಿಯಲ್ಲಿಯೇ. 180 ಅಡಿ ಉದ್ದ, 45 ಅಡಿ ಅಗಲ. ಎರಡು ಪಕ್ಕಗಳಲ್ಲಿಯೂ ನೀರನ್ನು ಬಡಿಯುವ ದೊಡ್ಡ ಚಕ್ರಗಳು. ಆರು ಅಡಿ ನೀರಿದ್ದರೆ ತೇಲಬಲ್ಲದು. ಊರಿಂದೂರಿಗೆ ಜನರನ್ನೂ ಸರಕನ್ನೂ ಒಯ್ಯುವುದಷ್ಟೇ ಅದರ ಕಸುಬು. 1861ರ ಜೂನ್ ತಿಂಗಳಲ್ಲಿ ನೌಕಾದಳದ ಕಮಾಂಡರ್ ಜಾನ್ ರಾಜರ್ಸ್ ಎಂಬಾತನು ಇದನ್ನೂ ಲೆಕ್ಸಿಂಗ್ಟನ್, ಕಾನೆಸ್ಟೋಗಾ ಎಂಬ ಇನ್ನೆರಡು ಹಡಗುಗಳನ್ನೂ ಒಟ್ಟು 62,000 ಡಾಲರುಗಳಿಗೆ ಕೊಂಡನು. ಕೊಂಡದ್ದಕ್ಕೆ ಅವನಿಗೆ ಸಿಕ್ಕಿದ್ದು ಶಹಭಾಸ್‌ಗಿರಿಯಲ್ಲ, ಛೀಮಾರಿ! ನದಿಯ ಮೇಲಿನ ಕಾರ್ಯಾಚರಣೆ ಭೂಸೈನ್ಯಕ್ಕೆ ಸೇರಿದ್ದು, ಅದರ ಖರ್ಚನ್ನು ನೌಕಾಖಾತೆಯ ತಲೆಯ ಮೇಲೆ ಏಕೆ ಹೇರಿದೆ ಎಂದು ಮೇಲಿನವರು ಕೇಳಿದರು. ಕಚೇರಿಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಈ ರಾಗ ಹೊಸದಲ್ಲ. ಕೊನೆಗೆ ಹಡಗು ಭೂಸೈನ್ಯದ್ದು, ಅದನ್ನು ನಡೆಸುವ ಅಧಿಕಾರಿ ನೌಕಾದಳದವನು ಎಂಬ ವಿಚಿತ್ರ ಏರ್ಪಾಡಾಯಿತು. 1862ರ ಅಕ್ಟೋಬರ್ 1ರಂದು ಇಡೀ ಪಡೆಯು ನೌಕಾಖಾತೆಗೆ ಸೇರುವವರೆಗೆ ಈ ಎರಡು ಯಜಮಾನರ ಸಂಸಾರವೇ ನಡೆಯಿತು. ರಾಜರ್ಸನ ಬಳಿಕ ಬಂದ ಆಂಡ್ರ್ಯೂ ಫೂಟನು ಹಣಕ್ಕೂ ಆಳುಗಳಿಗೂ ಎರಡೂ ಬಾಗಿಲು ತಟ್ಟಿ ಸಾಕಾದನು.

ಹಡಗನ್ನು ಮಾರ್ಪಡಿಸುವುದಕ್ಕೆ ಸ್ಯಾಮ್ಯುಯೆಲ್ ಪೂಕ್ ಎಂಬ ನೌಕಾಶಿಲ್ಪಿಯು ನೆರವಾದನು. ಮೇಲಿನ ಅಲಂಕಾರದ ಕೋಣೆಗಳನ್ನು ತೆಗೆದುಹಾಕಿದರು. ಡೆಕ್ಕಿನ ಮೇಲೆ ಬಯಲಿಗೆ ಕುಳಿತಿದ್ದ ಬಾಯ್ಲರುಗಳನ್ನೂ ಉಗಿಯ ಕೊಳವೆಗಳನ್ನೂ ಹಡಗಿನ ಹೊಟ್ಟೆಯೊಳಕ್ಕೆ ಇಳಿಸಿದರು. ಸುತ್ತಲೂ ಐದು ಅಂಗುಲ ದಪ್ಪದ ಓಕ್ ಮರದ ಹಲಗೆಗಳನ್ನು ಗೋಡೆಯಂತೆ ಕಟ್ಟಿದರು. ಬಂದೂಕಿನ ಗುಂಡನ್ನು ತಡೆಯಲು ಅದು ಸಾಕು. ಫಿರಂಗಿಯ ಗುಂಡನ್ನು ತಡೆಯಲಾರದು. ಕಬ್ಬಿಣದ ಕವಚಕ್ಕೆ ಸಮಯವಿರಲಿಲ್ಲ. ಎಂಟು ಅಂಗುಲ ಬಾಯಿಯ ಆರು ಫಿರಂಗಿಗಳನ್ನೂ, 32 ಪೌಂಡಿನ ಗುಂಡನ್ನು ಹಾರಿಸುವ ಇನ್ನೊಂದನ್ನೂ ಏರಿಸಿದರು. ಎಂಟಂಗುಲದ ಒಂದೊಂದು ಫಿರಂಗಿಯ ತೂಕ ಮೂರು ಟನ್ನಿಗೂ ಮಿಕ್ಕಿದ್ದು. ಆಮೇಲೆ ಕಬ್ಬಿಣದ ಹಡಗುಗಳು ಬಂದಾಗ ಜನರು ಈ ಮೂರನ್ನು 'ಮರದಂಗಿಯವು' ಎಂಬರ್ಥದ ಅಡ್ಡಹೆಸರಿನಿಂದ ಕರೆದರು.

ಹೆಸರಿನದೂ ಒಂದು ರಗಳೆಯಾಯಿತು. ಟೈಲರ್ ಎಂಬ ಹೆಸರಿನ ಮಾಜಿ ಅಧ್ಯಕ್ಷನೊಬ್ಬನು ಆ ವೇಳೆಗೆ ದಕ್ಷಿಣದವರ ಕಡೆ ಸೇರಿಬಿಟ್ಟಿದ್ದನು. ಶತ್ರುವಿನ ಹೆಸರು ಹೊತ್ತ ಹಡಗು ನಮಗೇಕೆ, 'ಟೇಲರ್' ಎಂದು ಮಾಡೋಣವೆಂದು ರಾಜರ್ಸನು ಸೂಚಿಸಿದನು. ಕೆಲವು ಕಾಗದಪತ್ರಗಳಲ್ಲಿ ಟೇಲರ್ ಎಂದೇ ಬರೆದುದುಂಟು. ಆದರೆ ಜನರ ಬಾಯಲ್ಲಿ ನಿಂತದ್ದು ಹಳೆಯ ಹೆಸರೇ.

ಸಿದ್ಧವಾದ ಯುದ್ಧನೌಕೆಯ ಮೊದಲ ಶತ್ರು ಬರಗಾಲದ ನೀರು. ಬೇಸಿಗೆಯಲ್ಲಿ ಒಹಾಯೊ ಇಳಿದುಹೋಗಿ, ಮೂರು ಹಡಗುಗಳೂ ಲೂಯಿವಿಲ್ ಬಳಿ ವಾರಗಟ್ಟಲೆ ಕಾದು ಬಿದ್ದಿದ್ದವು. ಆಗಸ್ಟ್ 12ರಂದು ಅವು ಒಹಾಯೊ ಮತ್ತು ಮಿಸಿಸಿಪ್ಪಿಗಳ ಸಂಗಮದಲ್ಲಿರುವ ಕೇರೊ ಪಟ್ಟಣವನ್ನು ಸೇರಿದವು. ಅಲ್ಲಿಯ ದಂಡಿನ ಮುಖ್ಯಸ್ಥನಾಗಿ ಸ್ವಲ್ಪ ಸಮಯದಲ್ಲಿಯೇ ಬಂದವನು, ಆಗ ಯಾರೂ ಅಷ್ಟಾಗಿ ಹೆಸರು ಕೇಳದಿದ್ದ ಯುಲಿಸಿಸ್ ಗ್ರಾಂಟ್. ಅದೇ ನವೆಂಬರ್ 7ರಂದು ಗ್ರಾಂಟನು ಮೂರು ಸಾವಿರಕ್ಕೆ ಮಿಕ್ಕಿದ ಸೈನಿಕರನ್ನು ಸ್ಟೀಮರುಗಳಲ್ಲಿ ತುಂಬಿಕೊಂಡು ಬೆಲ್ಮಾಂಟ್ ಎಂಬಲ್ಲಿಯ ಶಿಬಿರದ ಮೇಲೆ ಬಿದ್ದನು. ಹೆನ್ರಿ ವಾಕ್ ಎಂಬಾತನ ಕೈಯಲ್ಲಿದ್ದ ಟೈಲರೂ ಲೆಕ್ಸಿಂಗ್ಟನ್ನೂ ಕಾವಲಿಗೆ ಹೋದವು. ಮೊದಲು ಗೆಲುವಾಯಿತು, ಗೆದ್ದವರು ಸೂರೆಯಲ್ಲಿ ಮೈಮರೆತರು, ಅಷ್ಟರಲ್ಲಿ ಶತ್ರುಗಳು ನದಿ ದಾಟಿ ಬಂದು ಸುತ್ತುಗಟ್ಟಿದರು. ಓಡೋಡಿ ಹಡಗು ಹತ್ತುತ್ತಿದ್ದ ಗ್ರಾಂಟನ ಜನರ ತಲೆಯ ಮೇಲಿಂದ ಈ ಎರಡು ಮರದ ಹಡಗುಗಳು ದಂಡೆಯ ಮೇಲೆ ಗುಂಡಿನ ಮಳೆಗರೆದವು. ಎಲ್ಲರಿಗಿಂತ ಹಿಂದೆ ಉಳಿದಿದ್ದ ಗ್ರಾಂಟನ ಕುದುರೆಯು ಕಡಿದಾದ ದಂಡೆಯಲ್ಲಿ ಜಾರಿ ಇಳಿದು, ಒಂದೇ ಹಲಗೆಯ ಮೇಲೆ ನಡೆದು ಸ್ಟೀಮರನ್ನು ಸೇರಿತಂತೆ. ಅಂದು ಆ ಹಲಗೆ ಜಾರಿದ್ದರೆ ಅಮೆರಿಕಾದ ಇತಿಹಾಸವೇ ಬೇರೆಯಾಗುತ್ತಿತ್ತೋ ಏನೋ. ಟೈಲರಿನ ಮೇಲೆ ಶತ್ರುವಿನ ಒಂದು ಗುಂಡು ಬಡಿದು ನಾವಿಕನೊಬ್ಬನು ಸತ್ತನು.

ಈ ಹಡಗನ್ನು ಇಂದಿಗೂ ನೆನೆಯುವಂತೆ ಮಾಡಿದ ದಿನವು 1862ರ ಏಪ್ರಿಲ್ 6, ಭಾನುವಾರ. ಗ್ರಾಂಟನ ಸೇನೆಯು ಟೆನೆಸಿ ನದಿಯ ದಂಡೆಯಲ್ಲಿ ಪಿಟ್ಸ್‌ಬರ್ಗ್ ಲ್ಯಾಂಡಿಂಗ್ ಎಂಬ ಧಕ್ಕೆಯ ಮೇಲಣ ಬಯಲಿನಲ್ಲಿ ಬೀಡುಬಿಟ್ಟಿತ್ತು. ಹತ್ತಿರದಲ್ಲಿ ಶೈಲೋ ಎಂಬ ಒಂದು ಚಿಕ್ಕ ಪ್ರಾರ್ಥನಾಮಂದಿರ. ಯುದ್ಧಕ್ಕೆ ಬಂದದ್ದು ಅದರ ಹೆಸರೇ. ನಸುಕಿನಲ್ಲಿ ನಲವತ್ತು ಸಾವಿರಕ್ಕೆ ಮಿಕ್ಕಿದ ದಕ್ಷಿಣದ ಸೇನೆಯು ಕಾಡಿನಿಂದ ಒಮ್ಮೆಲೇ ಎರಗಿತು. ಮಧ್ಯಾಹ್ನದ ಹೊತ್ತಿಗೆ ಉತ್ತರದವರು ಮೈಲಿಗಟ್ಟಲೆ ಹಿಂದೆ ಸರಿದಿದ್ದರು. ಹೆದರಿ ಓಡಿದ ಸಾವಿರಾರು ಮಂದಿ ದಂಡೆಯ ಕೆಳಗೆ ನೀರಿನಂಚಿನಲ್ಲಿ ಮುದುಡಿ ಕುಳಿತಿದ್ದರು. ಹಿಂದೆ ತುಂಬಿದ ನದಿ, ಮುಂದೆ ಶತ್ರು.

ಆಗ ಟೈಲರಿನ ನಾಯಕನಾಗಿದ್ದವನು ವಿಲಿಯಂ ಗ್ವಿನ್ ಎಂಬ ತರುಣ. ಬೆಳಗಿನಿಂದ ತೋಪಿನ ಸದ್ದು ಕೇಳುತ್ತ, ಎತ್ತರದ ದಂಡೆಯಾಚೆಯ ಕಾಡಿನಲ್ಲಿ ತನ್ನವರು ಯಾರು ಶತ್ರುಗಳು ಯಾರೆಂದು ಕಾಣದೆ, ಅಪ್ಪಣೆಯೂ ಬಾರದೆ ಅವನು ನದಿಯಲ್ಲಿ ಅತ್ತಿತ್ತ ಸುಳಿಯುತ್ತಿದ್ದನು. ಒಂದೂವರೆ ಗಂಟೆಯ ಸುಮಾರಿಗೆ ಅವನ ತಾಳ್ಮೆ ತೀರಿತು. ಒಬ್ಬ ಅಧಿಕಾರಿಯನ್ನು ದಡಕ್ಕೆ ಕಳುಹಿಸಿ, ಗುಂಡು ಹಾರಿಸಲು ಅನುಮತಿ ಬೇಕೆಂದು ಜನರಲ್ ಹರ್ಲ್‌ಬಟ್‌ನನ್ನು ಕೇಳಿಸಿದನು. ಎಡಪಕ್ಕವನ್ನು ಕಾಯುತ್ತಿದ್ದ ಹರ್ಲ್‌ಬಟ್‌ನು ನೆರವು ಬಾರದಿದ್ದರೆ ತಾನು ಒಂದು ಗಂಟೆಗಿಂತ ಹೆಚ್ಚು ನಿಲ್ಲಲಾರೆನೆಂದು ತಿಳಿಸಿ, ಯಾವ ದಿಕ್ಕಿಗೆ ಹಾರಿಸಬೇಕೆಂದು ಹೇಳಿಕಳುಹಿಸಿದನು. 2 ಗಂಟೆ 50 ನಿಮಿಷಕ್ಕೆ ಟೈಲರಿನ ಫಿರಂಗಿಗಳು ಬಾಯಿ ತೆರೆದವು. ಸಂಜೆಯ ಹೊತ್ತಿಗೆ ಲೆಕ್ಸಿಂಗ್ಟನ್ ಸಹ ಬಂದು ಸೇರಿತು.

ಧಕ್ಕೆಯ ಪಕ್ಕದಲ್ಲಿ ಡಿಲ್ ಬ್ರ್ಯಾಂಚ್ ಎಂಬ ಆಳವಾದ ಹಳ್ಳವು ನದಿಗೆ ಬಂದು ಕೂಡುತ್ತಿತ್ತು. ದಕ್ಷಿಣದವರು ಕೊನೆಯ ನೂಕಿಗಾಗಿ ಆ ಹಳ್ಳಕ್ಕೆ ಇಳಿದು ಹತ್ತಬೇಕಾಗಿತ್ತು. ವಸಂತದ ನೆರೆಯಿಂದ ನದಿಯು ಏರಿದ್ದುದರಿಂದ ಹಡಗುಗಳೂ ಏರಿ ನಿಂತು, ಹಳ್ಳದ ಬಾಯಿಂದ ಒಳಕ್ಕೆ ನೇರವಾಗಿ ಹೊಡೆಯಬಹುದಾಗಿತ್ತು. 5 ಗಂಟೆ 35 ನಿಮಿಷಕ್ಕೆ ಎರಡು ಹಡಗುಗಳೂ ದಂಡೆಯ ಮೇಲಣ ತೋಪುಗಳೂ ಏಕಕಾಲಕ್ಕೆ ಗುಡುಗಿದವು. ಅದೇ ಹೊತ್ತಿಗೆ ಬ್ಯೂಯೆಲ್ಲನ ಸೇನೆಯ ಮುಂಚೂಣಿಯೂ ಆಚೆಯ ದಡದಿಂದ ಸ್ಟೀಮರುಗಳಲ್ಲಿ ದಾಟಿ ಬಂದಿತು. ಕತ್ತಲಾಯಿತು. ಕೊನೆಯ ನೂಕು ಮುಂದುವರಿಯಲಿಲ್ಲ.

ರಾತ್ರಿ ಒಂಬತ್ತಕ್ಕೆ ಟೈಲರು ಮತ್ತೆ ಆರಂಭಿಸಿತು. ಹತ್ತು ನಿಮಿಷಕ್ಕೊಂದು ಸಿಡಿಗುಂಡು, ಗಡಿಯಾರ ಹೊಡೆದಂತೆ. ಒಂದು ಗಂಟೆಗೆ ಲೆಕ್ಸಿಂಗ್ಟನ್ ಸರದಿ ವಹಿಸಿಕೊಂಡು, ಹದಿನೈದು ನಿಮಿಷಕ್ಕೊಂದರಂತೆ ಬೆಳಗಿನವರೆಗೆ ಹಾರಿಸಿತು. ಮಳೆ ಹೊಯ್ಯುತ್ತಿತ್ತು. ಎರಡು ಕಡೆಯ ಗಾಯಾಳುಗಳೂ ಬಯಲಲ್ಲಿ ಬಿದ್ದಿದ್ದರು. ಈ ಗುಂಡುಗಳಿಂದ ಸತ್ತವರು ಬಹಳ ಮಂದಿಯೆಂದು ಯಾರೂ ಹೇಳುವುದಿಲ್ಲ. ದಂಡೆಯ ಎತ್ತರವನ್ನು ದಾಟಿಸಲು ಮೇಲಕ್ಕೆತ್ತಿ ಹೊಡೆದ ಗುಂಡುಗಳು ಮುಂದಿನ ಸಾಲನ್ನು ಬಿಟ್ಟು ಹಿಂದಿನವರ ಮೇಲೆ ಬೀಳುತ್ತಿದ್ದವು. ಆದರೆ ಹಿಂದಿನವರು ಆ ರಾತ್ರಿ ಮಲಗಲಿಲ್ಲ. ಹಗಲೆಲ್ಲ ಹೋರಾಡಿ ದಣಿದವನಿಗೆ ಹತ್ತು ನಿಮಿಷಕ್ಕೊಮ್ಮೆ ಮೃತ್ಯುವು ಬಾಗಿಲು ತಟ್ಟಿದರೆ ನಿದ್ರೆ ಎಲ್ಲಿಂದ ಬರಬೇಕು? ಹೋಟೆಲಿನ ಕೆಲಸದಲ್ಲಿ ರಾತ್ರಿಯೆಲ್ಲ ಕಣ್ಣು ಮುಚ್ಚದೆ ಬೆಳಗಿನ ಜಾವ ಮತ್ತೆ ಒಲೆಯ ಮುಂದೆ ನಿಂತವರು, ಮರುದಿನ ಆ ಸೈನಿಕರ ತೋಳಿನ ಬಲ ಎಷ್ಟಿದ್ದಿರಬಹುದೆಂದು ಊಹಿಸಬಲ್ಲರು. 7ರಂದು ಗ್ರಾಂಟನು ತಿರುಗಿ ಬಿದ್ದು ಕಳೆದುಕೊಂಡ ನೆಲವನ್ನು ಮರಳಿ ಪಡೆದನು. ಎರಡು ದಿನಗಳಲ್ಲಿ ಎರಡು ಕಡೆಗಳಿಂದ ಸತ್ತವರು, ಗಾಯಗೊಂಡವರು, ಸೆರೆಯಾದವರು ಮತ್ತು ಕಾಣೆಯಾದವರು ಸೇರಿ 23,000ಕ್ಕೂ ಹೆಚ್ಚು.

ನದಿಯ ಯುದ್ಧದಲ್ಲಿ ಗುಂಡಿಗಿಂತ ಹೆಚ್ಚಾಗಿ ಹೆದರಿಸುತ್ತಿದ್ದುದು ಉಗಿ. ಬಾಯ್ಲರಿನ ಬಳಿ ಕೈ ಸುಟ್ಟುಕೊಂಡ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. 1862ರ ಫೆಬ್ರವರಿಯಲ್ಲಿ ಫೋರ್ಟ್ ಹೆನ್ರಿಯ ಮುಂದೆ ಕಬ್ಬಿಣದ ಕವಚ ತೊಟ್ಟ ಎಸೆಕ್ಸ್ ಹಡಗಿನ ಬಾಯ್ಲರಿಗೆ ಒಂದು ಗುಂಡು ತಗಲಿ ಅನೇಕರು ಬೆಂದುಹೋದರು. ಅದೇ ಜೂನಿನಲ್ಲಿ ಮೌಂಡ್ ಸಿಟಿ ಎಂಬ ಇನ್ನೊಂದು ಕಬ್ಬಿಣದ ಹಡಗಿನಲ್ಲಿ ಒಂದೇ ಗುಂಡಿಗೆ ಬಿಡುಗಡೆಯಾದ ಉಗಿಯು ನೂರಕ್ಕೂ ಮಿಕ್ಕಿದ ಜನರನ್ನು ಕೊಂದಿತು. ಕವಚವು ಹೊರಗಿನದನ್ನು ತಡೆಯಲೆಂದು ಕಟ್ಟಿದ್ದು. ಒಳಗಿನ ಉಗಿಯನ್ನೂ ಅದೇ ಹಿಡಿದಿಟ್ಟುಕೊಂಡಿತು. ಟೈಲರಿನ ಬಾಯ್ಲರುಗಳನ್ನು ಸಿನ್ಸಿನಾಟಿಯಲ್ಲಿ ಕೆಳಕ್ಕೆ ಇಳಿಸಿದ ಕೈಗಳಿಗೆ ಅದರ ಜನರು ಎಷ್ಟು ಋಣಿಗಳಾಗಿದ್ದರೆಂಬುದು ಇದರಿಂದ ತಿಳಿದೀತು.

ಆ ವರ್ಷದ ಜುಲೈ 15ರಂದು ಟೈಲರಿಗೆ ತನಗಿಂತ ಹಲವು ಪಾಲು ಬಲವಾದ ಎದುರಾಳಿ ದೊರೆಯಿತು. ಯಾಜೂ ನದಿಯಲ್ಲಿ ದಕ್ಷಿಣದವರು ಆರ್ಕನ್ಸಾ ಎಂಬ ಹಡಗನ್ನು ಕಟ್ಟಿ, ರೈಲಿನ ಕಂಬಿಗಳನ್ನೇ ಜೋಡಿಸಿ ಅದಕ್ಕೆ ಕವಚ ತೊಡಿಸಿದ್ದರು. ಅದರ ಸುಳಿವು ತಿಳಿಯಲು ಉತ್ತರದವರು ಮೂರು ಹಡಗುಗಳನ್ನು ಕಳುಹಿಸಿದರು: ಕ್ಯಾರೊಂಡಲೆಟ್, ಟೈಲರ್, ಕ್ವೀನ್ ಆಫ್ ದಿ ವೆಸ್ಟ್. ಬೆಳಗಿನ ಮಂಜಿನಲ್ಲಿ ಆರ್ಕನ್ಸಾ ಎದುರಿಗೇ ಬಂದಿತು. ಕ್ವೀನ್ ತಿರುಗಿ ಓಡಿತು. ಕ್ಯಾರೊಂಡಲೆಟ್ಟಿನ ನಾಯಕನು ಟೈಲರಿನ ಹಳೆಯ ಒಡೆಯನಾದ ವಾಕ್‌ನೇ. ಅವನ ಹಡಗಿನ ಚುಕ್ಕಾಣಿಯ ಹಗ್ಗಗಳು ಹರಿದು ಅದು ದಂಡೆಗೆ ತಗಲಿಕೊಂಡಿತು. ಉಳಿದದ್ದು ಮರದ ಟೈಲರು. ಗ್ವಿನ್ನನು ಹಡಗನ್ನು ತಿರುಗಿಸಿಕೊಂಡು ಹಿಂಬದಿಯ ಫಿರಂಗಿಯಿಂದ ಹೊಡೆಯುತ್ತ ಇಳಿದನು. ಅದರಲ್ಲಿದ್ದ ಭೂಸೈನ್ಯದ ಬಂದೂಕುಗಾರರ ಗುಂಡೊಂದು ಆರ್ಕನ್ಸಾದ ನಾಯಕ ಐಸಾಕ್ ಬ್ರೌನನ ತಲೆಗೆ ತಗಲಿ ಅವನು ಉರುಳಿದನು, ಪುನಃ ಎದ್ದನು. ಟೈಲರಿನಲ್ಲಿ 8 ಮಂದಿ ಸತ್ತು 16 ಮಂದಿ ಗಾಯಗೊಂಡರು.

ಮರವು ಕಬ್ಬಿಣವನ್ನು ಭೇದಿಸಲಿಲ್ಲ, ನಿಜ. ಆದರೆ ಆರ್ಕನ್ಸಾದ ಹೊಗೆಕೊಳವೆ ಜರಡಿಯಾಗಿಹೋಗಿತ್ತು. ಕೊಳವೆ ತೂತಾದರೆ ಒಲೆಗೆ ಗಾಳಿಯ ಸೆಳೆತವಿಲ್ಲ, ಸೆಳೆತವಿಲ್ಲದಿದ್ದರೆ ಉರಿಯಿಲ್ಲ. 120 ಪೌಂಡಿನಷ್ಟಿದ್ದ ಉಗಿಯ ಒತ್ತಡವು 20ಕ್ಕೆ ಕುಸಿಯಿತು. ಬಾಯ್ಲರಿನ ಕೋಣೆಯಲ್ಲಿ ಶಾಖವು 120 ಡಿಗ್ರಿ ಫ್ಯಾರನ್‌ಹೀಟನ್ನೂ ಮೀರಿ, ಬೆಂಕಿ ಹಾಕುವವರನ್ನು ಆಗಾಗ ಬದಲಾಯಿಸಿ ಮೇಲಕ್ಕೆಳೆದುಕೊಳ್ಳಬೇಕಾಯಿತು. ಇಷ್ಟಾಗಿಯೂ ಆರ್ಕನ್ಸಾ ಪಾರಾಯಿತು. ಕಾರಣ, ವಿಕ್ಸ್‌ಬರ್ಗಿನ ಮೇಲ್ಗಡೆ ಲಂಗರು ಹಾಕಿದ್ದ ಉತ್ತರದ ದೊಡ್ಡ ನೌಕಾಪಡೆಯು ಒಲೆಗಳನ್ನು ಆರಿಸಿಕೊಂಡು ಕುಳಿತಿತ್ತು! ಟೈಲರು ಹೊಡೆಸಿಕೊಳ್ಳುತ್ತ ಓಡಿಬಂದು ಎಚ್ಚರಿಸಿದರೂ, ಉಗಿಯಿಲ್ಲದ ಹಡಗು ಕದಲುವುದೆಂತು? ಶತ್ರುವು ಅವುಗಳ ನಡುವಿನಿಂದಲೇ ಹಾದುಹೋಯಿತು. ಮೂರು ವಾರಗಳ ಬಳಿಕ, ಆಗಸ್ಟ್ 6ರಂದು, ಯಂತ್ರ ಕೆಟ್ಟುನಿಂತ ಆರ್ಕನ್ಸಾವನ್ನು ಅದರ ಜನರೇ ಸುಟ್ಟುಹಾಕಿದರು. ಗ್ವಿನ್ನನು ಆ ಡಿಸೆಂಬರಿನಲ್ಲಿ ಬೆಂಟನ್ ಎಂಬ ಕವಚದ ಹಡಗಿನ ನಾಯಕನಾಗಿ ಹೋರಾಡುತ್ತ ಗಾಯಗೊಂಡು, 1863ರ ಜನವರಿ 3ರಂದು ತೀರಿಕೊಂಡನು.

ಅಷ್ಟರಲ್ಲಿ ಈ ನದೀಪಡೆಯ ಒಲೆಗಳ ಮುಂದೆ ಹೊಸ ಮುಖಗಳು ಕಾಣಿಸಿಕೊಂಡಿದ್ದವು. ತೋಟಗಳಿಂದ ತಪ್ಪಿಸಿಕೊಂಡು ದಂಡೆಗೆ ಓಡಿಬಂದ ಗುಲಾಮರನ್ನು ಹಡಗುಗಳು ಹತ್ತಿಸಿಕೊಳ್ಳುತ್ತಿದ್ದವು. ಅವರಲ್ಲಿ ಅನೇಕರು ಕಲ್ಲಿದ್ದಲು ಹೊರುವವರಾಗಿ, ಬೆಂಕಿ ಹಾಕುವವರಾಗಿ, ನಾವಿಕರಾಗಿ ಸಂಬಳಕ್ಕೆ ಸೇರಿದರು. ನಿನ್ನೆಯವರೆಗೆ ಇದೇ ದಂಡೆಯಲ್ಲಿ ಹತ್ತಿಯ ಬೇಲು ಉರುಳಿಸುತ್ತಿದ್ದ ಕೈಗಳು ಅವು.

ಅಂಥ ಜನರು ಗುಂಪುಗುಂಪಾಗಿ ಆಶ್ರಯ ಪಡೆದಿದ್ದ ಸ್ಥಳಗಳಲ್ಲೊಂದು ಮಿಸಿಸಿಪ್ಪಿಯ ದಡದ ಹೆಲೆನಾ ಪಟ್ಟಣ. 1863ರ ಜುಲೈ 4ರ ನಸುಕಿನಲ್ಲಿ ಸುಮಾರು 7,600 ಮಂದಿ ದಕ್ಷಿಣದ ಸೈನಿಕರು ಅದರ ಮೇಲೆ ಬಿದ್ದರು. ಕಾಯುತ್ತಿದ್ದವರು 4,100ರಷ್ಟು. ಪಟ್ಟಣವು ಬಿದ್ದರೆ ಆ ನಿರಾಶ್ರಿತರ ಪಾಲಿಗೆ ಮತ್ತೆ ಸಂಕೋಲೆಯೇ. ಉತ್ತರದ ಜನರಲ್ಲನು ಬೆಂಜಮಿನ್ ಪ್ರೆಂಟಿಸ್; ಶೈಲೋ ಯುದ್ಧದ ಮೊದಲ ದಿನ ಸಂಜೆಯವರೆಗೆ ನಿಂತು ಹೋರಾಡಿ ಸೆರೆಸಿಕ್ಕವನು ಈತನೇ. ನದಿಯಲ್ಲಿದ್ದ ಯುದ್ಧನೌಕೆ ಒಂದೇ, ಅದು ಟೈಲರ್. ಆಗಿನ ಅದರ ನಾಯಕ ಜೇಮ್ಸ್ ಪ್ರಿಚೆಟ್. ಶತ್ರುಗಳು ಸ್ಮಶಾನದ ಗುಡ್ಡವನ್ನು ಹತ್ತಿ ಅಲ್ಲಿಯ ತೋಪುಗಳನ್ನು ಹಿಡಿದು, ಪಟ್ಟಣಕ್ಕೆ ಇಳಿಯಲು ತೊಡಗಿದ್ದರು. ಟೈಲರು ಆ ಇಳಿಜಾರುಗಳ ಮೇಲೆ ಒಂದೇ ಸಮನೆ ಹೊಡೆಯಿತು. ಅಂದು ಅದು ಹಾರಿಸಿದ ಗುಂಡುಗಳು 413. ಮಧ್ಯಾಹ್ನಕ್ಕೆ ಮೊದಲೇ ದಾಳಿ ಮುರಿಯಿತು. ಬಂದವರಲ್ಲಿ ಸುಮಾರು 1,600 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು. ಗೆಲುವಿನ ದೊಡ್ಡ ಪಾಲನ್ನು ಪ್ರೆಂಟಿಸನೇ ಆ ಹಡಗಿಗೂ ಅದರ ನಾಯಕನಿಗೂ ಸಲ್ಲಿಸಿ ನೌಕಾದಳಕ್ಕೆ ಬರೆದನು. ಆದರೆ ಅದೇ ದಿನ ವಿಕ್ಸ್‌ಬರ್ಗ್ ಕೋಟೆಯು ಗ್ರಾಂಟನಿಗೆ ಶರಣಾಗಿತ್ತು. ಹಿಂದಿನ ದಿನವಷ್ಟೇ ಗೆಟಿಸ್‌ಬರ್ಗಿನ ಮಹಾಯುದ್ಧ ಮುಗಿದಿತ್ತು. ಆ ಎರಡು ದೊಡ್ಡ ಸುದ್ದಿಗಳ ಕೆಳಗೆ ಹೆಲೆನಾದ ಸುದ್ದಿ ಮುಚ್ಚಿಹೋಯಿತು.

ಆಮೇಲಿನದು ಬಹುಮಟ್ಟಿಗೆ ಕಾವಲಿನ ಕೆಲಸ. 1864ರ ಜೂನ್ 24ರಂದು ವೈಟ್ ನದಿಯಲ್ಲಿ ಕ್ವೀನ್ ಸಿಟಿ ಎಂಬ ಹಡಗನ್ನು ಶತ್ರುಗಳು ದಂಡೆಯಿಂದಲೇ ಹೊಡೆದು ಹಿಡಿದಾಗ, ಟೈಲರು ಇನ್ನೆರಡು ಹಡಗುಗಳೊಡನೆ ಹೋಗಿ ಅವರನ್ನು ಓಡಿಸಿತು. ಮರುವರ್ಷದ ವಸಂತದಲ್ಲಿ ಯುದ್ಧವು ಮುಗಿಯಿತು. ಅಮೆರಿಕಾದ ಹತ್ತಿಯು ಮತ್ತೆ ಬರುವುದೆಂಬ ಸುದ್ದಿಗೇ ಬೆಲೆಗಳು ಕುಸಿದು, 1865ರಲ್ಲಿ ಮುಂಬಯಿಯ ಕಂಪನಿಗಳೂ ಬ್ಯಾಂಕುಗಳೂ ಒಂದರ ಮೇಲೊಂದು ಉರುಳಿದವು. ನದಿಯ ಮೇಲೆ ಇನ್ನು ಬೇಕಾಗಿದ್ದುದು ಫಿರಂಗಿಯಲ್ಲ, ಸರಕು ಹೊರುವ ಹಡಗು. ಸರಕಾರವು ತನ್ನ ನದೀಪಡೆಯನ್ನು ಇಲಿನಾಯ್ ರಾಜ್ಯದ ಮೌಂಡ್ ಸಿಟಿಯ ಧಕ್ಕೆಯಲ್ಲಿ ಸಾಲಾಗಿ ಕಟ್ಟಿ ಹರಾಜಿಗಿಟ್ಟಿತು. ಆಗಸ್ಟ್ 17ರಂದು ಟೈಲರ್ ಒಬ್ಬ ಖಾಸಗಿ ಗಿರಾಕಿಗೆ ಮಾರಾಟವಾಯಿತು.